ನಾಳೆಗೆ ಎತ್ತಿಡಲಾಗದ್ದು

ನಮ್ಮ ಸಭೆಯಲ್ಲಿ ತಿಂಗಳಿಗೊಂದು ಶುಕ್ರವಾರ ಉಪವಾಸ ಪ್ರಾರ್ಥನೆ ಇರುತ್ತದೆ. ಅದರ ನಡುವೆ ಸಾಕ್ಷಿ ಹೇಳುವ ಹೊತ್ತು. ಮಗನಿಗೆ ನೌಕರಿ ಸಿಕ್ಕವರು, ಮಗಳ ಮದುವೆ ಕೂಡಿಬಂದವರು, ಹೊಟ್ಟೆಯ ಗಡ್ಡೆ ಕರಗಿದವರು ಒಬ್ಬೊಬ್ಬರಾಗಿ ಎದ್ದು ‘ಕರ್ತನಿಗೆ ಸ್ತೋತ್ರ’ ಎಂದು ಶುರುಮಾಡುತ್ತಾರೆ. ಅವರ ಸಂತೋಷ ನನ್ನದೂ ಹೌದು. ಆದರೆ ಕೇಳಿದ್ದು ಸಿಗದವರು ಎದ್ದು ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರೂ ಅದೇ ಜಮಖಾನೆಯ ಮೇಲೆ, ಅಷ್ಟೇ ಹೊತ್ತು ನೀರು ಮುಟ್ಟದೆ ಕೂತಿರುತ್ತಾರೆ. ಕೊನೆಗೆ ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತಾರೆ.

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಎತ್ತುವ ವಾಗ್ದಾನದ ಚೀಟಿಗಳದ್ದೂ ಇದೇ ಕತೆ. ಹೊಸ ವರ್ಷಕ್ಕೆ ದೇವರು ನಿನಗೆ ಕೊಟ್ಟ ವಚನ ಎಂದು ತಟ್ಟೆಯಿಂದ ಒಂದೊಂದು ಚೀಟಿ ತೆಗೆದುಕೊಳ್ಳುತ್ತೇವೆ. ಆಶೀರ್ವಾದ, ಸಮೃದ್ಧಿ, ಜಯ. ಇಷ್ಟು ವರ್ಷಗಳಲ್ಲಿ 88ನೆಯ ಕೀರ್ತನೆಯ ಸಾಲು ಯಾರ ಕೈಗೂ ಬಂದಿಲ್ಲ, ಬರುವುದೂ ಇಲ್ಲ. ಮೊದಲಿಂದ ಕೊನೆಯವರೆಗೂ ಗೋಳೇ ತುಂಬಿರುವ ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದರ ಸಾಲನ್ನು ಚೀಟಿಯಲ್ಲಿ ಬರೆದು ಮಡಚಿಡುವ ಧೈರ್ಯ ಯಾವ ಸಭೆಗಿದೆ? 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಂಥ ದೂರುಗಳೇ. ಯಾಕೆ ಸುಮ್ಮನಿದ್ದೀ, ಎಲ್ಲಿ ಹೋದೆ, ಎಷ್ಟು ದಿನ ಹೀಗೆ ಎಂದು ದೇವರ ಮುಖಕ್ಕೇ ಕೇಳುವ ಮಾತುಗಳು. ಸತ್ಯವೇದದ ಒಳಗೆ ಅವಕ್ಕೆ ಜಾಗ ಸಿಕ್ಕಿದೆ, ನಮ್ಮ ಸಾಕ್ಷಿಯ ಹೊತ್ತಿನಲ್ಲಿ ಇನ್ನೂ ಸಿಕ್ಕಿಲ್ಲ.

ಇದನ್ನೆಲ್ಲ ಯೋಚಿಸುವಂತೆ ಮಾಡಿದ್ದು ಡಯಾಲಿಸಿಸ್. ನಮ್ಮ ಮನೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಈಗ ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ತಾಸು ಯಂತ್ರದ ಪಕ್ಕ ಮಲಗುತ್ತಾರೆ. ಎಡಗೈಯಲ್ಲಿ ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡಿದ್ದಾರೆ. ಬೆರಳಿಟ್ಟರೆ ಒಳಗೆ ಗುಂಯ್ ಎಂದು ರಕ್ತ ಹರಿಯುವುದು ತಿಳಿಯುತ್ತದೆ. ಆ ಕಂಪನ ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹಾಗಾಗಿ ದಿನವೂ ಎದ್ದ ಕೂಡಲೆ ಮುಟ್ಟಿ ನೋಡಬೇಕು. ನಮ್ಮ ಮುಂಜಾನೆಯ ಪ್ರಾರ್ಥನೆ ಈಗ ಅಲ್ಲಿಂದಲೇ ಶುರುವಾಗುತ್ತದೆ. ನಾನು ಅವರ ಮಣಿಕಟ್ಟಿನ ಮೇಲೆ ಕೈಯಿಡುತ್ತೇನೆ. ‘ಐತಿ’ ಅನ್ನುತ್ತೇನೆ. ‘ಹಂಗಾರ ಆಮೆನ್’ ಅನ್ನುತ್ತಾರೆ. ಆಮೆನ್ ಮೊದಲೇ ಆಗಿಹೋಗುವುದರಿಂದ ಉಳಿದದ್ದು ಕೊಂಚ ನಿರಾಳ.

ಮನೆಯ ಪ್ರಾರ್ಥನೆ ನಮಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ. ಅವರ ಸಭೆಗಳಿಂದ ಬಂದ ಹಳೆಯ ಮನೆಗಳಲ್ಲಿ ಊಟಕ್ಕೆ ಮುಂಚೆ, ಮಲಗುವ ಮುಂಚೆ ಮನೆಮಂದಿಯೆಲ್ಲ ಕೂಡಿ ಓದಿ ಪ್ರಾರ್ಥಿಸುವುದು ಹಲ್ಲುಜ್ಜುವಷ್ಟೇ ಸಹಜ. ನಮ್ಮಜ್ಜಿ ಜರ್ಮನ್ ಧಾಟಿಯ ಸಂಗೀತಗಳನ್ನು ರೊಟ್ಟಿ ಬಡಿಯುತ್ತ ಹಾಡುತ್ತಿದ್ದರು, ತಾಳಕ್ಕೆ ತಾಳ ಸರಿಯಾಗಿ ಕೂಡುತ್ತಿತ್ತು. ಆ ಅಭ್ಯಾಸದ ಬೆಲೆ ಕಷ್ಟಕ್ಕೆ ಮುಂಚೆ ಗೊತ್ತಾಗುವಂಥದ್ದಲ್ಲ. ವೈದ್ಯರು ಕ್ರಿಯಾಟಿನಿನ್ ಎಷ್ಟಿದೆ ಎಂದು ಹೇಳಿದ ಸಂಜೆ ನನ್ನ ಬಾಯಲ್ಲಿ ಸ್ವಂತ ಮಾತು ಒಂದೂ ಹುಟ್ಟಲಿಲ್ಲ. ಬಾಯಿಪಾಠವಿದ್ದ ಕರ್ತನ ಪ್ರಾರ್ಥನೆ ತಾನಾಗಿ ಬಂತು. ಬಾಯಿಪಾಠದ ಪ್ರಾರ್ಥನೆಯಲ್ಲಿ ಜೀವವಿಲ್ಲ, ಹೃದಯದಿಂದ ಬರಬೇಕು ಎಂದು ಬೋಧಿಸುವವರನ್ನು ಬಹಳ ಕೇಳಿದ್ದೇನೆ. ಹೃದಯವೇ ಕೈಕೊಟ್ಟ ದಿನ ಏನು ಮಾಡಬೇಕು ಎಂದು ಅವರು ಹೇಳುವುದಿಲ್ಲ.

ಆ ಪ್ರಾರ್ಥನೆಯಲ್ಲಿ ಅನ್ನ ಬೇಡುವ ಮಾತಿದೆಯಲ್ಲ, ಅದು ಒಂದು ದಿನದ ಅನ್ನದ ಬೇಡಿಕೆ. ತಿಂಗಳ ರೇಷನ್ನಿನದಲ್ಲ. ಇಸ್ರಾಯೇಲ್ಯರು ಮರುಭೂಮಿಯಲ್ಲಿ ಕೂಡಿಸಿಕೊಂಡ ಮನ್ನದ ಕತೆಯಲ್ಲೂ ಇದೇ ಲೆಕ್ಕ. ಬೆಳಿಗ್ಗೆ ಎದ್ದು ಆ ದಿನಕ್ಕೆ ಸಾಕಾಗುವಷ್ಟು ಕೂಡಿಸಿಕೊಳ್ಳಬೇಕು. ಆಸೆಬಿದ್ದು ಮರುದಿನಕ್ಕೆ ಎತ್ತಿಟ್ಟವರ ಪಾಲಿನಲ್ಲಿ ಹುಳು ಬಿತ್ತು, ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಸಂಡೇ ಸ್ಕೂಲಿನಲ್ಲಿ ಈ ಪಾಠವನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ. ಅದು ಮೈಗೆ ಹತ್ತಿದ್ದು ಮಾತ್ರ ಡಯಾಲಿಸಿಸ್ ವಾರ್ಡಿನಲ್ಲಿ. ಸೋಮವಾರ ಶುದ್ಧಿಯಾದ ರಕ್ತ ಬುಧವಾರದ ಹೊತ್ತಿಗೆ ಮತ್ತೆ ಕೆಡುತ್ತದೆ. ಈ ವಾರ ಊರಿಗೆ ಹೋಗಬೇಕು, ಎರಡು ವಾರದ್ದನ್ನು ಒಟ್ಟಿಗೆ ಮುಗಿಸಿಬಿಡಿ ಎಂದರೆ ಆಗುವುದಿಲ್ಲ. ನನ್ನ ನಂಬಿಕೆಯೂ ಹಾಗೇ ಎಂದು ನಿಧಾನಕ್ಕೆ ಕಂಡುಕೊಂಡೆ. ಭಾನುವಾರದ ಪ್ರಸಂಗ ಎಷ್ಟೇ ಗಟ್ಟಿಯಾಗಿರಲಿ, ಬುಧವಾರ ಇವರ ಮೈಯಲ್ಲಿ ನೀರು ನಿಂತು ತೂಕದ ಯಂತ್ರ ಮೂರೂವರೆ ಕಿಲೋ ಹೆಚ್ಚು ತೋರಿಸಿದಾಗ ಅದು ಸಾಲುವುದಿಲ್ಲ. ಬುಧವಾರದ್ದನ್ನು ಬುಧವಾರವೇ ಬೇಡಿಕೊಳ್ಳಬೇಕು. ಮೊದಮೊದಲು ಇದು ನನ್ನ ಬಡತನ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಐದು ವರ್ಷಕ್ಕಾಗುವಷ್ಟು ಧೈರ್ಯ ಕೊಡು ಎಂದು ಕೇಳುವುದನ್ನು ಬಿಟ್ಟ ಮೇಲೆ ಸಂಜೆಯವರೆಗಿನ ಧೈರ್ಯ ಕಡಿಮೆಬಿದ್ದದ್ದಿಲ್ಲ.

ಅಡಿಗೆಮನೆಯೂ ಇದೇ ಪಾಠ ಕಲಿಯಿತು. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲಿ ಚಹಾ, ಮಜ್ಜಿಗೆ, ಸಾರು ಎಲ್ಲ ಸೇರಬೇಕು. ತರಕಾರಿ ಹೆಚ್ಚಿ ಕುದಿಸಿ ಆ ನೀರು ಚೆಲ್ಲಬೇಕು, ಪೊಟ್ಯಾಸಿಯಂ ಇಳಿಯಲಿ ಅಂತ. ಬಾಳೆಹಣ್ಣು, ಎಳನೀರು ವರ್ಜ್ಯ. ಸುಗ್ಗಿ ಹಬ್ಬದ ಹರಾಜಿನಲ್ಲಿ ನಮ್ಮ ಮನೆಯವರು ಪ್ರತಿವರ್ಷ ಎಳನೀರಿನ ಗೊನೆಗೇ ಕೂಗುತ್ತಾರೆ, ಪಟ್ಟುಹಿಡಿದು ಗೆಲ್ಲುತ್ತಾರೆ, ಆಮೇಲೆ ಹುಡುಗರಿಗೆ ಹಂಚುತ್ತಾರೆ. ಯಾಕ್ರೀ ಅಂದರೆ, ‘ನೋಡಾಕರ ಬ್ಯಾಡೇನ’ ಅನ್ನುತ್ತಾರೆ.

ವಾರ್ಡಿನ ಬಗ್ಗೆ ಹೇಳಲೇಬೇಕು. ನಾನು ಹೆಚ್ಚು ಪ್ರಾರ್ಥಿಸಿದ ಜಾಗ ದೇವಾಲಯವಲ್ಲ, ಆ ವಾರ್ಡೇ. 2016ರಲ್ಲಿ ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೂ ಇದು ಉಚಿತವಾಗಿ ಸಿಗುವಂತಾಯಿತು. ಹಾಗಾಗಿ ನಾವು ಹೋಗುವಲ್ಲಿ ಸುತ್ತಲಿನ ಹಳ್ಳಿಗಳಿಂದ ನಸುಕಿನ ಬಸ್ಸಿಗೆ ಬರುವವರೇ ಹೆಚ್ಚು. ಪಕ್ಕದ ಮಂಚದವರು ನವಲಗುಂದದ ಕಡೆಯ ರೈತರು. ಮನೆಯಲ್ಲೇ ಲಿಂಗಪೂಜೆ ಮುಗಿಸಿ ವಿಭೂತಿ ಧರಿಸಿ ಬರುತ್ತಾರೆ. ಆಚೆ ಬದಿಗೆ ಹಳೇ ಹುಬ್ಬಳ್ಳಿಯ ಒಬ್ಬ ಅಮ್ಮ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ತಸ್ಬಿ. ಯಾವ ಮಂಚದ ಯಂತ್ರ ಕೂಗಿದರೂ ಎಲ್ಲರ ತಲೆಯೂ ಆ ಕಡೆ ತಿರುಗುತ್ತದೆ. ಮೂರನೆಯ ತಾಸು ದಾಟಿದ ಮೇಲೆ ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ರಕ್ತದೊತ್ತಡ ಇಳಿಯುವುದು ಶುರುವಾಗುತ್ತದೆ. ಆಗ ಯಾರ ಕಡೆಯವರೆಂದು ನೋಡದೆ ಹತ್ತಿರ ಇದ್ದವರು ಪಾದ ತಿಕ್ಕುತ್ತಾರೆ.

ನಾನು ಸತ್ಯವೇದ ಓದುತ್ತ ಕೂರುವುದನ್ನು ಆ ರೈತರು ಕೆಲವು ದಿನ ನೋಡಿದರು. ಒಂದು ದಿನ, ‘ಅಕ್ಕಾರ, ನಿಮ್ಮ ಯೇಸು ಸ್ವಾಮಿಗೆ ನಮ್ಮ ಹೆಸರೂ ಒಂದೀಟ ಹೇಳ್ರಿ’ ಅಂದರು. ಅಲ್ಲಿಂದ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಹೆಸರು ಬರೆಯುವುದು ಶುರುವಾಯಿತು. ಹೆಸರಿನ ಮುಂದೆ ಅವರು ಕೇಳಿದ್ದನ್ನೂ ಬರೆದುಕೊಳ್ಳುತ್ತೇನೆ. ಯಾರೂ ಪವಾಡ ಕೇಳಲಿಲ್ಲ. ಒಬ್ಬರಿಗೆ ತೊಗರಿಗೆ ಒಂದು ಮಳೆ ಬೇಕು. ಇನ್ನೊಬ್ಬರಿಗೆ ಮಗಳ ಹೆರಿಗೆ ಸಸೂತ್ರ ಆಗಬೇಕು. ಒಬ್ಬ ಹುಡುಗ, ಸೂಜಿ ಮೊದಲ ಸಲಕ್ಕೇ ಸರಿಯಾಗಿ ಕೂರಲಿ ಅಂದ. ಇವರಿಂದ ನನ್ನ ಬೇಡಿಕೆಗಳ ಧಾಟಿಯೇ ಬದಲಾಯಿತು. ‘ಎಲ್ಲ ರೋಗಿಗಳನ್ನು ಆಶೀರ್ವದಿಸು’ ಅನ್ನುವ ಗೋಣಿಚೀಲದಂಥ ಪ್ರಾರ್ಥನೆ ಮಾಡುವುದನ್ನು ಬಿಟ್ಟೆ. ಸಣ್ಣದನ್ನು, ಇಂಥವರ ಇಂಥದ್ದು ಎಂದು ಹೇಳಿ ಕೇಳಿದರೆ, ಮರುದಿನ ಅವರನ್ನು ಕಂಡಾಗ ‘ಏನಾಯಿತು’ ಎಂದು ವಿಚಾರಿಸುವ ಹೊಣೆ ತಲೆಗೆ ಬರುತ್ತದೆ. ಆ ಹೆಸರಿನವರಲ್ಲಿ ಕೆಲವರು ಈಗ ಇಲ್ಲ. ಹೆಸರು ಹೊಡೆದುಹಾಕಿಲ್ಲ, ಅವರ ಮನೆಯವರಿಗಾಗಿ ಹೇಳುತ್ತೇನೆ.

ಈ ನಡುವೆ ಪರಿಚಯದ ಮೇಲೆ ಮನೆಗೆ ಬಂದ ಒಬ್ಬ ಪ್ರಸಂಗಿಗಳು, ಪೂರ್ಣ ನಂಬಿಕೆಯಿದ್ದರೆ ಯಂತ್ರದ ಹಂಗೇಕೆ, ನಲವತ್ತು ದಿನ ಬಿಟ್ಟು ನೋಡಿ ಎಂದರು. ಡಯಾಲಿಸಿಸ್ ಬಿಟ್ಟವರು ನಲವತ್ತು ದಿನ ಉಳಿಯುವುದು ಅಪರೂಪ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನಗೆ ರೇಗಿತು. ನಮ್ಮ ಮನೆಯವರು ಮಾತ್ರ ಫಿಟ್ಟರ್ ಬುದ್ಧಿ ತೋರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ಕೈಯಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಈ ಯಂತ್ರವನ್ನು ಕಟ್ಟಿದ ಕತೆ ಅವರಿಗೆ ಬಾಯಿಪಾಠ. ಸಾಮಾನು ಸಿಗದ ಕಾಲ. ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯನ್ನೇ ಸೋಸುವ ಪರದೆಯಾಗಿ ಮರದ ಪಟ್ಟಿಗಳ ಉರುಳೆಗೆ ಸುತ್ತಿದ. 1943ರಿಂದ ಯತ್ನ ನಡೆಸಿದ. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಒಬ್ಬ ವಯಸ್ಸಾದ ಹೆಂಗಸು ಬದುಕಿದಳು. ಇಷ್ಟನ್ನೂ ಹೇಳಿ, ‘ಅಂವಗ ಆ ಬುದ್ಧಿ ಕೊಟ್ಟಾಂವ ಯಾರ್ರಿ, ಪಾಸ್ಟರ್? ಅದನ್ನ ಬ್ಯಾಡ ಅಂದ್ರ ಯಾರಿಗೆ ಬ್ಯಾಡ ಅಂದಂಗಾತು?’ ಎಂದು ಕೇಳಿದರು. ಬಂದವರು ಚಹಾ ಕುಡಿದು ಹೊರಟರು. ಗೆತ್ಸೇಮನೆಯಲ್ಲಿ ಯೇಸುವೇ ಪಾತ್ರೆ ದಾಟಿಹೋಗಲಿ ಎಂದು ಮತ್ತೆ ಮತ್ತೆ ಬೇಡಿದ, ಅದು ದಾಟಿಹೋಗಲಿಲ್ಲ. ಪೌಲನೂ ತನ್ನ ಮೈಯ ಮುಳ್ಳಿಗಾಗಿ ಮೂರು ಸಲ ಕೇಳಿಕೊಂಡ, ಅದು ಕೀಳಲ್ಪಡಲಿಲ್ಲ. ಇವರಿಬ್ಬರಿಗೆ ನಂಬಿಕೆ ಸಾಲದಾಗಿತ್ತು ಎಂದು ಹೇಳಲು ಆ ಪ್ರಸಂಗಿಗಳಿಗೂ ಬಾಯಿ ಬರಲಿಕ್ಕಿಲ್ಲ.

ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಬೇರೆಯದು. ನನಗೂ ಸಕ್ಕರೆ ಕಾಯಿಲೆ ಇರುವುದರಿಂದ ನನ್ನ ಮೂತ್ರಪಿಂಡ ಕೊಡಲಾಗದು. ಮಕ್ಕಳದ್ದು ತೆಗೆದುಕೊಳ್ಳಲು ಇವರು ಸುತರಾಂ ಒಪ್ಪಲಿಲ್ಲ. ಉಳಿದ ದಾರಿ, ಮಿದುಳು ನಿಷ್ಕ್ರಿಯವಾದವರಿಂದ ಬರುವ ಅಂಗ. ರಾಜ್ಯದಲ್ಲಿ ಅದನ್ನು ನೋಡಿಕೊಳ್ಳುವ ಜೀವಸಾರ್ಥಕತೆಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಿ ಸರದಿ ಕಾಯುತ್ತಿದ್ದೇವೆ. ಅದಾದ ರಾತ್ರಿ ಪ್ರಾರ್ಥನೆಗೆ ಕೂತೆ. ‘ಕರ್ತನೇ, ಬೇಗ’ ಎಂದು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಬೇಗ ಏನಾಗಬೇಕು? ಎಲ್ಲೋ ಹೆದ್ದಾರಿಯಲ್ಲಿ ಯಾರದೋ ಮಗ ಬೈಕಿನಿಂದ ಬೀಳಬೇಕು. ಅವನ ತಾಯಿಯೂ ಆ ಹೊತ್ತಿಗೆ, ಮಗ ಸುಖವಾಗಿ ಮನೆ ಸೇರಲಿ ಎಂದು ಅದೇ ದೇವರನ್ನು ಬೇಡುತ್ತಿರಬಹುದು. ಇವರು ನನ್ನ ಮುಖ ನೋಡಿಯೇ, ‘ಯಾರರ ಸಾಯ್ಲಿ ಅಂತ ಬೇಡಕೊಳ್ಳೂದೇನ? ನನ್ನಿಂದಾಗೂದಿಲ್ಲ’ ಅಂದರು.

ಹಲವು ರಾತ್ರಿ ಆ ಒಂದು ಬೇಡಿಕೆಯ ಜಾಗ ಖಾಲಿಯೇ ಇತ್ತು. ನಮ್ಮ ಸಭಾಪಾಲಕರನ್ನು ಕೇಳಿದೆ. ಅವರು ಥಟ್ಟನೆ ಉತ್ತರ ಕೊಡಲಿಲ್ಲ, ಅದಕ್ಕೇ ಅವರ ಮೇಲೆ ನನಗೆ ಗೌರವ. ಒಂದು ವಾರ ಬಿಟ್ಟು ಬಂದು, ಏನನ್ನು ಕೇಳಲು ಮನಸ್ಸು ಬರುವುದಿಲ್ಲವೋ ಅದನ್ನು ಕೇಳಬೇಡಿ, ಆದರೆ ಆ ಜನರನ್ನು ಬಿಡಬೇಡಿ ಎಂದಷ್ಟೇ ಹೇಳಿದರು. ಅಲ್ಲಿಂದ ನಾವು ಮೂತ್ರಪಿಂಡಕ್ಕಾಗಿ ಬೇಡುವುದಿಲ್ಲ. ರಸ್ತೆಯಲ್ಲಿರುವವರು ಮನೆ ಸೇರಲಿ ಎಂದು ಬೇಡುತ್ತೇವೆ. ಸೇರದೆಹೋದವರ ಮನೆಯವರು ಐಸಿಯು ಬಾಗಿಲ ಮುಂದೆ, ಕೆಲವೇ ತಾಸಿನೊಳಗೆ ಹೌದು ಇಲ್ಲ ಎನ್ನಬೇಕಾಗುತ್ತದಲ್ಲ, ಅವರ ಪಕ್ಕ ಯಾರಾದರೂ ಇರಲಿ ಎಂದು ಬೇಡುತ್ತೇವೆ. ಮೊದಲನೆಯದು ಪೂರ್ತಿ ಈಡೇರಿದರೆ ನಮ್ಮ ಸರದಿ ಬಹುಶಃ ಬರುವುದೇ ಇಲ್ಲ. ಇದು ಇವರಿಗೂ ಗೊತ್ತು, ಆದರೂ ಆಮೆನ್ ಅನ್ನುತ್ತಾರೆ. ದೇವರ ಮೇಲೆ ಭಾರ ಹಾಕುವುದು ಅನ್ನುತ್ತೇವಲ್ಲ, ನಾನು ಕಣ್ಣಾರೆ ಕಂಡದ್ದು ಇಷ್ಟು. ಜೊತೆಗೆ ನಾನೂ ಅಂಗದಾನಕ್ಕೆ ಒಪ್ಪಿಗೆ ಬರೆದುಕೊಟ್ಟೆ. ಮೂತ್ರಪಿಂಡ ಬೇಡವಾದರೂ ಕಣ್ಣಾದರೂ ಯಾರಿಗಾದರೂ ಆದೀತು.

ಅಂಗ ಸಿಕ್ಕರೆ ಕರೆ ಯಾವ ಹೊತ್ತಿಗೂ ಬರಬಹುದು, ಕೂಡಲೆ ಹೊರಡಬೇಕು. ಹಾಗಾಗಿ ಆರಾಧನೆಯಲ್ಲಿ ಎಲ್ಲರ ಮೊಬೈಲ್ ಬಂದ್ ಇದ್ದರೂ ನಮ್ಮದೊಂದು ಚಾಲೂ ಇರಲಿ ಎಂದು ಸಭಾಪಾಲಕರೇ ಅಪ್ಪಣೆ ಕೊಟ್ಟಿದ್ದಾರೆ. ಹೋದ ಲೆಂಟ್ ಕಾಲದ ಒಂದು ಭಾನುವಾರ, ಕರ್ತನ ರಾತ್ರಿ ಭೋಜನಕ್ಕೆ ಮುಂಚಿನ ಮೌನದಲ್ಲಿ ಅದು ಹೊಡೆದುಕೊಂಡಿತು. ಸಭೆಯೆಲ್ಲ ತಿರುಗಿ ನೋಡಿತು. ಇವರು ಕಿಸೆ ತಡಕಾಡುತ್ತ ಬಾಗಿಲ ಕಡೆ ಓಡಿದರು. ನನ್ನ ಕೈಕಾಲು ತಣ್ಣಗಾದವು, ಆದರೂ ಮನಸ್ಸು ಮೊದಲು ಹೋದದ್ದು ಆ ಕಾಣದ ಮನೆಯವರ ಕಡೆಗೆ. ಅವರಿಗಾಗಿ ಬೇಡತೊಡಗಿದ್ದೆ. ಅಷ್ಟರಲ್ಲಿ ಹೊರಗಿನಿಂದ ಇವರ ದನಿ ಒಳಗೆಲ್ಲ ಕೇಳಿತು: ‘ಲೋನ್ ಬ್ಯಾಡ್ರೀ ಯಪ್ಪಾ, ಇದ್ದದ್ದ ತೀರವಲ್ದು!’ ಹಿಂದಿನ ಬೆಂಚಿನ ಹುಡುಗರು ಮೊದಲು ನಕ್ಕರು, ಆಮೇಲೆ ಸಭಾಪಾಲಕರೂ ತಡೆದುಕೊಳ್ಳಲಿಲ್ಲ. ನಾನೂ ನಕ್ಕೆ, ನಗುತ್ತಲೇ ಆ ಪ್ರಾರ್ಥನೆಯನ್ನು ಮುಗಿಸಿದೆ. ಆ ಹೊತ್ತಿಗೆ ಎಲ್ಲಾದರೂ ಯಾರಿಗಾದರೂ ಅದು ಬೇಕಾಗಿಯೇ ಇದ್ದಿರಬಹುದು.