ಗಣಕಯಂತ್ರದ ಸಲಹೆ ಮತ್ತು ನಮ್ಮ ತೋಟದ ಲೆಕ್ಕ



ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂಬುದು ನಮಗೆಲ್ಲ ತಿಳಿದದ್ದೇ: 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮಳೆಗಾಲಕ್ಕೆ ಮುಂಚೆ ಒಂದು ಸಿಂಪಡಣೆ, 40–45 ದಿನಗಳ ನಂತರ ಇನ್ನೊಂದು. ಮಳೆ ಹಿಡಿದುಕೊಂಡರೆ ಮೂರನೆಯದು ಬೇಕೇ, ಬೇಡವೇ? ಕಷ್ಟವಿರುವುದು ಇಲ್ಲಿ.

2019ರಲ್ಲಿ ಮೇಘದೂತ್ ಬಂದಂದಿನಿಂದ ಹವಾಮಾನ ಆಧಾರಿತ ಸಲಹೆ ಮೊಬೈಲಿಗೇ ಸಿಗುತ್ತಿದೆ. ಖಚಿತವಲ್ಲದ ವಿಷಯವನ್ನು ಗಣಕಯಂತ್ರ ತರ್ಕಿಸುವ ಒಂದು ಮುಖ್ಯ ವಿಧಾನವು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯದು. 1763ರಲ್ಲಿ, ಆತನ ಮರಣಾನಂತರ ಪ್ರಕಟವಾಯಿತು. ಹಿಂದಿನ ಅನುಭವವನ್ನೂ ಹೊಸ ಸೂಚನೆಯನ್ನೂ ಕೂಡಿಸಿ ತೂಗುವುದೇ ಅದರ ಸಾರ.

ಒಂದು ಉದಾಹರಣೆ, ಅಂಕಿಗಳು ಲೆಕ್ಕ ತಿಳಿಯಲು ಮಾತ್ರ. ರೋಗ ಬರಲಿರುವ 10 ತೋಟಗಳಲ್ಲಿ 8ಕ್ಕೆ ಯಂತ್ರ ಎಚ್ಚರಿಕೆ ಕೊಡುತ್ತದೆ. ಬಾರದ 10ರಲ್ಲಿ 2ಕ್ಕೂ ತಪ್ಪಾಗಿ ಕೊಡುತ್ತದೆ ಎನ್ನೋಣ. ಬೇಲೂರಿನ ಮಲೆನಾಡ ಸೆರಗಿನಲ್ಲಿ 100 ತೋಟಗಳ ಪೈಕಿ 30ಕ್ಕೆ ರೋಗ ಬರುವುದಾದರೆ, ನಿಜವಾದ ಎಚ್ಚರಿಕೆ 24, ಸುಳ್ಳು 14. ಅಂದರೆ ಎಚ್ಚರಿಕೆ ನಿಜವಾಗುವ ಸಂಭವ ಶೇಕಡಾ 63. ಅರಸೀಕೆರೆಯ ಬಯಲಿನಲ್ಲಿ 100ಕ್ಕೆ 5 ಆದರೆ, ನಿಜ 4, ಸುಳ್ಳು 19. ಸಂಭವ ಶೇಕಡಾ 17 ಮಾತ್ರ. ಯಂತ್ರ ಅದೇ, ಎಚ್ಚರಿಕೆಯೂ ಅದೇ, ಅರ್ಥ ಬೇರೆ.

ಇಷ್ಟಕ್ಕೇ ತೀರ್ಮಾನವಾಗದು. ಸಿಂಪಡಣೆಗೆ 2,000 ರೂ. ಖರ್ಚು, ಅದರಿಂದ ತಪ್ಪುವ ನಷ್ಟ 8,000 ರೂ. ಎಂದುಕೊಳ್ಳಿ. ಸಂಭವವು ಶೇಕಡಾ 25ನ್ನು ಮೀರಿದರೆ ಸಿಂಪಡಿಸುವುದು ಲಾಭ. ಬೇಲೂರಿನವರು ಹೊಡೆಯಬೇಕು, ಅರಸೀಕೆರೆಯವರು ಕಾಯಬಹುದು. ಧಾರಣೆ ಏರಿ ನಷ್ಟ 16,000 ರೂ. ಆಗುವಂತಿದ್ದರೆ ಗಡಿ ಶೇಕಡಾ 12.5ಕ್ಕೆ ಇಳಿಯುತ್ತದೆ, ಆಗ ಅರಸೀಕೆರೆಯವರೂ ಸಿಂಪಡಿಸಬೇಕು. ಸಂಭವವನ್ನು ಯಂತ್ರ ಹೇಳಬಹುದು. ನಮ್ಮ ಖರ್ಚು-ನಷ್ಟ ಅದಕ್ಕೆ ತಿಳಿಯದು.

ನಡುವೆ ಇರುವ ಹಳೇಬೀಡಿನವರು ಯಾವ ಅಂಕಿ ಹಿಡಿಯಬೇಕು? ಬೇಲೂರಿನದೂ ಅಲ್ಲ, ಅರಸೀಕೆರೆಯದೂ ಅಲ್ಲ, ತಮ್ಮ ತೋಟದ್ದೇ. ಅದು ದಾಖಲೆ ಇಟ್ಟವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಪ್ರತಿಯೊಬ್ಬ ಸದಸ್ಯರೂ ದಿನದ ಮಳೆ, ಸಿಂಪಡಿಸಿದ ದಿನಾಂಕ, ಮೊದಲ ಕೊಳೆ ಕಂಡ ದಿನ, ಉದುರಿದ ಕಾಯಿಯ ಅಂದಾಜು, ಈ ನಾಲ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾಗಿ ಕೋರಿಕೆ. ನಾವು ಬರೆದಿಡದಿದ್ದರೆ ಯಂತ್ರವು ಬೇರೆ ಯಾರದೋ ತೋಟದ ಅನುಭವದಿಂದ ನಮಗೆ ಸಲಹೆ ಕೊಡುತ್ತದೆ.

— ಕಾರ್ಯದರ್ಶಿ