ಮುಪ್ಪಿನ ಗಿನಿಪಿಗ್ ಮೇವು ಬಿಟ್ಟಾಗ

ಸೇಡಂ, ಚಿಂಚೋಳಿ, ವಾಡಿ ಕಡೆಯಿಂದ ಹೈದರಾಬಾದಿಗೆ ಮದುವೆಗೋ ಬಟ್ಟೆ ಖರೀದಿಗೋ ಹೋದವರು ಮಕ್ಕಳ ಹಟಕ್ಕೆ ಮಣಿದು ಒಂದು ಪಂಜರ ತಂದುಬಿಡುವುದುಂಟು. ಒಳಗೆ ಎರಡು ಗಿನಿಪಿಗ್. ಮೊದಲ ವರ್ಷ ಮಕ್ಕಳೇ ಮೇವು ಹಾಕುತ್ತಾರೆ. ಐದಾರು ವರ್ಷ ಕಳೆಯುವಷ್ಟರಲ್ಲಿ ಅವರು ಕಾಲೇಜು, ಟ್ಯೂಷನ್ ಎಂದು ಹೊರಬೀಳುತ್ತಾರೆ, ಪಂಜರ ಅಮ್ಮಿಯ ಅಥವಾ ನಾನಿಯ ಪಾಲಿಗೆ ಉಳಿಯುತ್ತದೆ. ಪ್ರಾಣಿಗೆ ಮುಪ್ಪು ಬಂದು ಕಾಯಿಲೆ ಹಿಡಿಯುವುದೂ ಸರಿಯಾಗಿ ಅದೇ ಹೊತ್ತಿಗೆ. ಈ ಲೇಖನ ಆ ಪಂಜರದ ಮುಂದೆ ಈಗ ಕುಳಿತಿರುವವರಿಗೆ.

ಮೊದಲು ಹೆಸರಿನ ಗೊಂದಲ ತೆಗೆದುಬಿಡೋಣ. ಕೆಲವು ಪುಸ್ತಕಗಳು ಇದನ್ನು ‘ಗಿನಿ ಹಂದಿ’ ಎಂದು ಬರೆದಿರುವುದರಿಂದ ಎಷ್ಟೋ ಮನೆಗಳಲ್ಲಿ ಹಿರಿಯರು ಮುಟ್ಟಲೂ ಹಿಂಜರಿಯುತ್ತಾರೆ. ಇದಕ್ಕೂ ಹಂದಿಗೂ ಯಾವ ಸಂಬಂಧವೂ ಇಲ್ಲ. ಇದು ಇಲಿ, ಅಳಿಲುಗಳಂತೆ ದಂಶಕ ಜಾತಿಯದು. ಹುಲ್ಲು, ಸೊಪ್ಪು ಬಿಟ್ಟು ಬೇರೇನೂ ತಿನ್ನದು. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಗಿನಿ ದೇಶಕ್ಕೂ ಇದಕ್ಕೂ ನಂಟಿಲ್ಲ. ಹೆಸರು ಎರಡು ಕಡೆಯಿಂದಲೂ ತಪ್ಪು.

ಸಾಮಾನ್ಯವಾಗಿ ಐದರಿಂದ ಎಂಟು ವರ್ಷ ಬದುಕುತ್ತದೆ. ನಾಲ್ಕೈದು ವರ್ಷ ದಾಟಿತೆಂದರೆ ಮುಪ್ಪು ಶುರುವಾಯಿತೆಂದೇ ತಿಳಿಯಿರಿ. ಹಲ್ಲಿನ ತೊಂದರೆ, ಮೂತ್ರಕೋಶದ ಕಲ್ಲು, ಹೆಣ್ಣುಗಳಲ್ಲಿ ಅಂಡಾಶಯದ ನೀರುಗಂಟು, ಹೃದಯದ ದೌರ್ಬಲ್ಯ, ಕೀಲುನೋವು, ಗಡ್ಡೆ ಇವು ಈ ವಯಸ್ಸಿನ ಕಾಯಿಲೆಗಳು. ಇವುಗಳಲ್ಲಿ ಕೆಲವಕ್ಕೆ ಮದ್ದಿದೆ, ಕೆಲವಕ್ಕೆ ಇಲ್ಲ. ಆದರೆ ಬಹಳ ಗಿನಿಪಿಗ್‌ಗಳು ಮೂಲ ಕಾಯಿಲೆಗಿಂತ ಮೊದಲು ಹಸಿವಿನಿಂದಲೇ ಸಾಯುತ್ತವೆ ಎಂಬುದನ್ನು ಮನೆಯವರು ಗಮನಿಸುವುದಿಲ್ಲ. ಅದರ ಕರುಳು ಹಗಲು ರಾತ್ರಿ ನಾರು ಅರೆಯುತ್ತಲೇ ಇರಬೇಕು. ನೋವಿನಿಂದಲೋ ನಿಶ್ಶಕ್ತಿಯಿಂದಲೋ ತಿನ್ನುವುದು ನಿಂತರೆ ಕರುಳಿನ ಚಲನೆ ನಿಲ್ಲುತ್ತದೆ, ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಯಕೃತ್ತಿಗೆ ಪೆಟ್ಟಾಗುತ್ತದೆ. ನಾಯಿ ಎರಡು ದಿನ ಉಪವಾಸ ಇದ್ದೀತು. ಗಿನಿಪಿಗ್ ಅರ್ಧ ದಿನ ಏನೂ ಮುಟ್ಟದಿದ್ದರೆ ಅದು ತುರ್ತು ಸ್ಥಿತಿ. ‘ನಾಳೆ ನೋಡೋಣ’ ಎಂದು ಮಲಗಬೇಡಿ.

ಅದು ತಿನ್ನುತ್ತಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಸೊಪ್ಪಿನ ಮುಂದೆ ಕುಳಿತು ಬಾಯಾಡಿಸಿ, ಒಂದೆಸಳೂ ನುಂಗದೆ ಬಿಡುವುದುಂಟು. ನಂಬಬೇಕಾದದ್ದು ತಕ್ಕಡಿಯನ್ನು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಇನ್ನೊಂದು, ಇದಕ್ಕೆಂದೇ ಬೇರೆ ಇರಲಿ. ಮೇಲೊಂದು ಡಬ್ಬಿ ಇಟ್ಟು, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಳೆದ ಗಿನಿಪಿಗ್ 700 ಗ್ರಾಮಿನಿಂದ 1,200 ಗ್ರಾಂವರೆಗೆ ತೂಗುತ್ತದೆ. ವಾರದಲ್ಲಿ 50 ಗ್ರಾಂ ಇಳಿದರೆ ಎಚ್ಚರಾಗಿ. 100 ಗ್ರಾಂ ಇಳಿದರೆ ವೈದ್ಯರ ಬಳಿ ಹೋಗಲೇಬೇಕು. ಹಿಕ್ಕೆಯನ್ನೂ ನೋಡಿ. ಚಿಕ್ಕದಾಗಿ, ಒಣಗಿ, ಎಣಿಸುವಷ್ಟಾದರೆ ಕರುಳು ನಿಧಾನವಾಗಿದೆ ಎಂದರ್ಥ. (ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಕಂಡು ಅಸಹ್ಯಪಡಬೇಡಿ. ಅದು ರೋಗವಲ್ಲ, ಅದರ ಪಚನದ ಕ್ರಮವೇ ಹಾಗೆ.)

ಗಲ್ಲ ಒದ್ದೆಯಾಗಿ ಜೊಲ್ಲು ಸುರಿಯುತ್ತಿದ್ದರೆ ಹಲ್ಲನ್ನು ಶಂಕಿಸಿ. ಇದರ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಒರಟು ಹುಲ್ಲು ಅಗಿದಾಗಲೇ ಸವೆಯುತ್ತದೆ. ಹುಲ್ಲು ಕಡಿಮೆಯಾಗಿ ಕಾಳು, ಬಿಸ್ಕತ್ತು ಹೆಚ್ಚಾದ ಮನೆಯಲ್ಲಿ ದವಡೆಹಲ್ಲು ಬೆಳೆದು ನಾಲಿಗೆಯ ಮೇಲೆ ಸೇತುವೆಯಂತೆ ಬಾಗಿಕೊಳ್ಳುತ್ತದೆ. ಮೂತ್ರ ಮಾಡುವಾಗ ಕೀಚಲು ದನಿ, ಮೂತ್ರದಲ್ಲಿ ರಕ್ತ ಕಂಡರೆ ಕಲ್ಲು ಇರಬಹುದು. ಅಂಥದ್ದಕ್ಕೆ ಕುದುರೆಮೆಂತೆ, ಪಾಲಕ್ ದಿನವೂ ಹಾಕಬಾರದು. ಎತ್ತಿಕೊಂಡಾಗ ಕಿರುಚಿದರೆ, ಕುಂಟಿದರೆ ‘ವಯಸ್ಸಾಯಿತು’ ಎಂದು ಬಿಡಬೇಡಿ. ಅದು ಸಿ ಜೀವಸತ್ವದ ಕೊರತೆಯೂ ಆಗಿರಬಹುದು.

ಮನುಷ್ಯರಂತೆ ಗಿನಿಪಿಗ್‌ನ ದೇಹವೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿಯೇ ಬಂದದ್ದನ್ನು ತೋರಿಸಿದರು. ಸಿ ಜೀವಸತ್ವದ ಶೋಧಕ್ಕೆ ದಾರಿಯಾದದ್ದು ಅದೇ ಪ್ರಯೋಗ. ಅಂದರೆ ನಮ್ಮ ಮಕ್ಕಳ ಆರೋಗ್ಯಕ್ಕೂ ಈ ಮೂಕ ಜೀವಿಯ ಋಣ ಸ್ವಲ್ಪ ಇದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆಯಲ್ಲಿ ಇನ್ನೂ ಹೆಚ್ಚು. ಪೇರಲದ ತೆಳು ಹೋಳು, ದೊಣ್ಣೆಮೆಣಸಿನಕಾಯಿಯ ಒಂದು ತುಂಡು, ಒಂದು ಹಿಡಿ ಕೊತ್ತಂಬರಿ ದಿನವೂ ಸಿಗಲಿ. ಕುಡಿಯುವ ನೀರಿಗೆ ವಿಟಮಿನ್ ಹನಿ ಬೆರೆಸಿದರೆ ಅದು ಬೆಳಕಿಗೆ ಬೇಗ ಕೆಡುತ್ತದೆ, ಅದನ್ನು ನೆಚ್ಚಿಕೊಳ್ಳಬೇಡಿ. ಮುಖ್ಯ ಆಹಾರ ಒಣಹುಲ್ಲು, ತೊಳೆದ ಗರಿಕೆ. ನಮ್ಮ ಹೊಲಗಳಲ್ಲಿ ಸುಲಭವಾಗಿ ಸಿಗುತ್ತದೆಂದು ಎಳೆ ಜೋಳದ ಸಸಿ ಕಿತ್ತು ತರಬೇಡಿ. ಮಳೆ ಕೈಕೊಟ್ಟಾಗ ಅದರಲ್ಲಿ ವಿಷ ಸೇರುತ್ತದೆ, ದನಗಳೇ ಅದನ್ನು ಮೇಯ್ದು ಬೀಳುತ್ತವೆ.

ತಾನಾಗಿ ತಿನ್ನದಿದ್ದರೆ ನೀವು ತಿನ್ನಿಸಬೇಕು. ಗಿನಿಪಿಗ್ ಪೆಲೆಟ್ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಳು ಅಂಬಲಿಯಂತೆ ಕಲಸಿ. ಸೂಜಿ ತೆಗೆದ 1 ಮಿಲಿ ಸಿರಿಂಜಿನಲ್ಲಿ ತುಂಬಿ. ಪ್ರಾಣಿಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಅದರ ಸಹಜ ಭಂಗಿಯಲ್ಲೇ ಕೂರಿಸಿ, ಅಂಗಾತ ಮಲಗಿಸಬೇಡಿ. ಮುಂದಿನ ಹಲ್ಲುಗಳ ಹಿಂದೆ, ಬಾಯಿಯ ಪಕ್ಕದಿಂದ ಅರ್ಧ ಮಿಲಿಯಷ್ಟು ಮಾತ್ರ ಹಾಕಿ, ಅಗಿದು ನುಂಗುವವರೆಗೆ ಕಾಯಿರಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪೂರ್ತಿ ಬಿಟ್ಟಿರುವ ಪ್ರಾಣಿಗೆ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 80 ಮಿಲಿ, ಐದಾರು ಸಲವಾಗಿ, ರಾತ್ರಿಯೂ ಒಂದು ಸಲ. ಹಾಲು, ರೊಟ್ಟಿ, ಗಂಜಿ ಬೇಡ. ಇದು ಬೇಸರ ಹಿಡಿಸುವ ಕೆಲಸ, ಹಸುಗೂಸು ಸಾಕಿದಷ್ಟೇ. ಮನೆಯಲ್ಲಿ ಸರದಿ ಹಾಕಿಕೊಳ್ಳಿ. ಕಾಲೇಜಿಗೆ ಹೋಗುವ ಆ ಮಕ್ಕಳಿಗೂ ಒಂದು ಸರದಿ ಬರಲಿ.

ಹೊಟ್ಟೆ ಬಿಗಿದು ಡೋಲಿನಂತಾಗಿದ್ದರೆ ಮಾತ್ರ ತಿನ್ನಿಸಲು ಹೋಗದೆ ನೇರ ವೈದ್ಯರಲ್ಲಿಗೆ ಓಡಿ.

ಈಗ ಅತಿ ಮುಖ್ಯವಾದ ಎಚ್ಚರಿಕೆ. ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆ, ಮಗುವಿನ ಸಿರಪ್ ಕೊಡಬೇಡಿ. ನಮಗೆ ಸಾಮಾನ್ಯವಾಗಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಗಳು, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಇವು ಗಿನಿಪಿಗ್‌ನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಕೆಟ್ಟವಕ್ಕೆ ಜಾಗ ಮಾಡಿಕೊಡುತ್ತವೆ. ಕೆಲವೇ ದಿನಗಳಲ್ಲಿ ಭೇದಿ ಹತ್ತಿ ಸಾಯುತ್ತದೆ. ಔಷಧ ಅಂಗಡಿಯವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ. ದನ, ಕುರಿಗಳನ್ನೇ ಹೆಚ್ಚು ನೋಡುವ ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ‘ಸರ್, ಇದು ಗಿನಿಪಿಗ್, ಪೆನಿಸಿಲಿನ್ ಆಗುವುದಿಲ್ಲವಂತೆ’ ಎಂದು ನೀವೇ ವಿನಯದಿಂದ ನೆನಪಿಸಿ, ತೂಕ ಬರೆದ ಚೀಟಿ ತೋರಿಸಿ. ನೋವು ಕಡಿಮೆ ಮಾಡುವ ಮದ್ದನ್ನೂ ಕೇಳಿ ಪಡೆಯಿರಿ. ನೋವಿಳಿದರೆ ಎಷ್ಟೋ ಸಲ ತಾನೇ ಹುಲ್ಲಿಗೆ ಬಾಯಿ ಹಾಕುತ್ತದೆ. ಹಲ್ಲು ಸವರುವುದು, ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದರೆ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲೋ ಹೈದರಾಬಾದಿನಲ್ಲೋ ವಿಚಾರಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ನಮ್ಮ ಸೀಮೆಯ ಬೇಸಿಗೆ ಇದಕ್ಕೆ ದೊಡ್ಡ ಶತ್ರು. 30 ಡಿಗ್ರಿ ದಾಟಿದರೇ ಕಷ್ಟಪಡುವ ಪ್ರಾಣಿಗೆ ಮೇ ತಿಂಗಳ 42 ಡಿಗ್ರಿ ಹೇಗಿದ್ದೀತು! ಒಳ್ಳೆಯದೆಂದರೆ ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲು ಇದೆ. ನೆಲಮನೆಯ ತಂಪಾದ ಮೂಲೆಯಲ್ಲಿ ಪಂಜರ ಇಟ್ಟು, ಒಳಗೊಂದು ಕಲ್ಲಿನ ತುಂಡು ಹಾಕಿ. ಉಳಿದ ಭಾಗಕ್ಕೆ ಮೆತ್ತನೆ ಬಟ್ಟೆ ಹಾಸಿ, ಇಲ್ಲವಾದರೆ ಮುದಿ ಪಾದಕ್ಕೆ ಗಟ್ಟಿ ನೆಲ ಉಜ್ಜಿ ಹುಣ್ಣಾಗುತ್ತದೆ. ಉಸಿರಾಟದ ಕಾಯಿಲೆ ಇದ್ದರೆ ಸಿಮೆಂಟಿನ ಧೂಳು ಬರುವ ಬಾಗಿಲ ಬಳಿ ಬೇಡ. ಗುರುವಾರ ಸಂಜೆಯ ಲೋಬಾನದ ಹೊಗೆ ಹಾಕುವ ಮೊದಲು ಪಂಜರವನ್ನು ಬೇರೆ ಕೋಣೆಗೆ ಒಯ್ಯಿರಿ. ಮೊಲದ ಜೊತೆ ಇಡಬೇಡಿ, ಅದಕ್ಕೆ ಏನೂ ಮಾಡದ ರೋಗಾಣು ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಕಾಯಿಲೆಯ ಪ್ರಾಣಿ ತನ್ನನ್ನು ತಾನು ಸ್ವಚ್ಛ ಮಾಡಿಕೊಳ್ಳಲಾರದು. ಹಿಂಭಾಗವನ್ನು ಬೆಚ್ಚನೆ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಮುದಿ ಗಂಡುಗಳಲ್ಲಿ ಗುದದ ಚೀಲದಲ್ಲಿ ಹಿಕ್ಕೆ ಕಟ್ಟಿಕೊಳ್ಳುತ್ತದೆ, ಅದನ್ನು ತೆಗೆಯುವುದನ್ನು ವೈದ್ಯರಿಂದ ಕಲಿಯಿರಿ. ಹಾಸಿಗೆಬಟ್ಟೆ ದಿನಾ ಬದಲಿಸಿ. ಪಂಜರವನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯದೆ ಅಂಗಳದಲ್ಲಿ ತೊಳೆಯಿರಿ. ಮುಟ್ಟಿದ ಮೇಲೆ ಪ್ರತಿಸಲ ಸೋಪಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ, ಗಜಕರ್ಣ ಎರಡೂ ಇದರಿಂದ ಅಂಟಬಹುದು. ಕೂದಲು ಉದುರಿ ದುಂಡನೆ ಹೊಪ್ಪಳೆ ಕಂಡರೆ ಚಿಕ್ಕ ಮಕ್ಕಳನ್ನು ದೂರವಿಡಿ. ಆರೈಕೆಗೆ ಹಳೆಯ ಬಟ್ಟೆಯೊಂದನ್ನು ಮೀಸಲಿಟ್ಟರೆ ನಮಾಜಿನ ಹೊತ್ತಿಗೆ ಮೈಮೇಲಿನ ಬಟ್ಟೆಯ ಚಿಂತೆ ಇರುವುದಿಲ್ಲ.

ಸಾಕಾಗಿಹೋದ ಕೆಲವರು ಒಂದು ಉಪಾಯ ಹುಡುಕುತ್ತಾರೆ: ‘ಚಂದ್ರಂಪಳ್ಳಿ ಡ್ಯಾಮಿನ ಕಾಡಿಗೆ ಬಿಟ್ಟುಬಿಡೋಣ, ಹುಲ್ಲು ನೀರು ಎರಡೂ ಇದೆ.’ ದಯವಿಟ್ಟು ಬೇಡ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲೇ ಬೆಳೆದ ಜಾತಿ ಇದು. ಓಡಲಾರದು, ಬಿಲ ತೋಡಲಾರದು. ಆರೋಗ್ಯವಂತ ಗಿನಿಪಿಗ್ಗೇ ಅಲ್ಲಿ ಉಳಿಯುವುದು ಕಷ್ಟ, ಮುದಿ ರೋಗಿಯನ್ನು ನರಿಯೋ ಹದ್ದೋ ಮೊದಲ ದಿನವೇ ಹಿಡಿಯುತ್ತದೆ. ಅದೂ ಅಲ್ಲದೆ 2011ರಿಂದ ಅದು ಚಿಂಚೋಳಿ ವನ್ಯಜೀವಿ ಧಾಮ. ಮನೆಯ ರೋಗವನ್ನು ಅಲ್ಲಿನ ಪ್ರಾಣಿಗಳಿಗೆ ಒಯ್ಯುವ ಹಕ್ಕು ನಮಗಿಲ್ಲ.

ತಿನ್ನಿಸಿದರೂ ತೂಕ ಇಳಿಯುತ್ತಲೇ ಇದ್ದು, ಮದ್ದು ಕೊಟ್ಟರೂ ಹಲ್ಲು ಕಡಿಯುತ್ತ ಮೂಲೆಯಲ್ಲಿ ಮುದುಡಿ ಕುಳಿತರೆ, ಸಿರಿಂಜ್ ಕಂಡರೆ ಮುಖ ತಿರುಗಿಸಿದರೆ, ವೈದ್ಯರಲ್ಲಿ ನೇರವಾಗಿ ಕೇಳಿ: ಇದು ಗುಣವಾಗುವುದೋ, ಬರೀ ನೋವು ಎಳೆಯುತ್ತಿದ್ದೇವೋ? ಇಂಜೆಕ್ಷನ್ ಕೊಟ್ಟು ಮಲಗಿಸುವ ಮಾತು ಬಂದರೆ ಮನೆಯವರು, ತಿಳಿದ ಹಿರಿಯರು ಕೂಡಿ ಯೋಚಿಸಿ. ಬಲವಂತದ ಮೇವು ನಿಲ್ಲಿಸಿದರೂ ನೋವಿನ ಮದ್ದು ನಿಲ್ಲಿಸಬೇಡಿ. ಜೊತೆಗಾರ ಇದ್ದರೆ ಪಕ್ಕದಲ್ಲೇ ಇರಲಿ. ಸತ್ತ ಮೇಲೆ ಬಾವಿ, ಬೋರ್‌ವೆಲ್‌ನಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಹೂಳಿ ಮೇಲೊಂದು ಕಲ್ಲು ಹೇರಿ. ಉಳಿದ ಗಿನಿಪಿಗ್ ಎರಡು ಮೂರು ದಿನ ಮಂಕಾಗಿ ಮೇವು ಕಡಿಮೆ ಮಾಡಬಹುದು, ಆದ್ದರಿಂದ ತಕ್ಕಡಿಯನ್ನು ಎತ್ತಿಡಬೇಡಿ. ಮರುದಿನ ಬೆಳಿಗ್ಗೆ ಅದನ್ನೂ ತೂಗಿ.