ನಿಶ್ಶಬ್ದವನ್ನು ಅಳೆಯುವ ಬಗೆ

ಸಂಗೀತ ಕಚೇರಿ ಆರಂಭವಾಗುವುದಕ್ಕೆ ಮುಂಚೆ, ಮೈಕ್ರೊಫೋನಿನ ಮುಂದೆ ಯಾರೂ ಇಲ್ಲದಿರುವಾಗ, ಧ್ವನಿವರ್ಧಕದ ಹತ್ತಿರ ಕಿವಿಗೊಟ್ಟು ಕೇಳಿದರೆ ‘ಸುಯ್’ ಎಂಬ ಮೆಲುಸದ್ದೊಂದು ಕೇಳಿಬರುವುದುಂಟು. ಹಾಡುವವರಿಲ್ಲ, ನುಡಿಸುವವರಿಲ್ಲ, ಈ ಸದ್ದು ಬಂದುದಾದರೂ ಎಲ್ಲಿಂದ? ವಿದ್ಯುದುಪಕರಣಗಳಲ್ಲಿ ತಾನಾಗಿಯೇ ಹುಟ್ಟುವ ಇಂಥ ಕ್ರಮವಿಲ್ಲದ ಏರಿಳಿತಕ್ಕೆ ‘ಗದ್ದಲ’ ಎಂದು ಹೆಸರಿಡೋಣ. ವೀಣೆಯ ನಾದವು ಕ್ಷೀಣಿಸುತ್ತ ಕರಗುವ ಕೊನೆಯ ಗಳಿಗೆಯನ್ನು ಗದ್ದಲವು ನುಂಗಿಬಿಡಬಲ್ಲದು. ಆದುದರಿಂದ ಅದರ ಪ್ರಮಾಣವನ್ನು ತಿಳಿಯುವುದು ಅವಶ್ಯಕ. ಹಲವು ಮೈಕ್ರೊಫೋನುಗಳ ಧ್ವನಿಯನ್ನು ಕೂಡಿಸಿ ಹದಗೊಳಿಸುವ ಡಿಜಿಟಲ್ ಮಿಕ್ಸರನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದರ ಗದ್ದಲವನ್ನು ಅಳೆಯುವ ಬಗೆಯನ್ನೂ ಆ ಅಳತೆ ನಮ್ಮನ್ನು ಮೋಸಗೊಳಿಸುವ ಬಗೆಯನ್ನೂ ಇಲ್ಲಿ ವಿಚಾರ ಮಾಡೋಣ.

ಮಿಕ್ಸರಿನೊಳಗೆ ಧ್ವನಿ ಸಾಗುವ ದಾರಿಯಲ್ಲಿ ಮೂರು ಘಟ್ಟಗಳಿವೆ. ಮೈಕ್ರೊಫೋನಿನ ಅತ್ಯಲ್ಪ ವೋಲ್ಟೇಜನ್ನು ಮೊದಲು ವರ್ಧಕವೊಂದು ಹಿಗ್ಗಿಸುತ್ತದೆ. ಬಳಿಕ ಅದು ಅಂಕಿಗಳಾಗಿ ಮಾರ್ಪಡುತ್ತದೆ. ಎರಡನೆಯ ಘಟ್ಟದಲ್ಲಿ ಕೂಡುವ, ಗುಣಿಸುವ ಕೆಲಸವೆಲ್ಲ ಅಂಕಿಗಳಲ್ಲಿಯೇ ನಡೆಯುತ್ತದೆ. ಮೂರನೆಯದರಲ್ಲಿ ಪರಿವರ್ತಕವೊಂದು ಆ ಅಂಕಿಗಳನ್ನು ಪುನಃ ವೋಲ್ಟೇಜಾಗಿ ಮಾರ್ಪಡಿಸಿ ಹೊರಕ್ಕೆ ಕಳುಹಿಸುತ್ತದೆ. ನಡುವಿನ ಲೆಕ್ಕಾಚಾರದಲ್ಲಿ ಸೇರುವ ದೋಷ ಅತಿ ಸ್ವಲ್ಪ. ಗದ್ದಲವು ಮುಖ್ಯವಾಗಿ ಹುಟ್ಟುವುದು ಮೊದಲನೆಯ ಮತ್ತು ಮೂರನೆಯ ಘಟ್ಟಗಳಲ್ಲಿ. ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಮೊದಲು ಹೊರದಾರಿಯನ್ನು ನೋಡೋಣ. ಇಲ್ಲಿನ ಗದ್ದಲ ಮೈಕ್ರೊವೋಲ್ಟುಗಳಷ್ಟಿರುವುದರಿಂದ ಸಾಮಾನ್ಯ ಮಲ್ಟಿಮೀಟರು ಸಾಲದು. ಆರ್.ಎಂ.ಎಸ್. ಬೆಲೆಯನ್ನು ನಿಜವಾಗಿ ತೋರಿಸುವ ಸೂಕ್ಷ್ಮ ಮೀಟರು ಬೇಕು. ಅದರ ಹಿಂದೆ, ಕಿವಿಗೆ ಕೇಳಿಸುವ 20ರಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಮಾತ್ರ ಬಿಡುವ ಫಿಲ್ಟರು ಇರಬೇಕು. ಎಲ್ಲ ಆವೃತ್ತಿಗಳಲ್ಲಿಯೂ ಸಮನಾಗಿ ಹರಡಿರುವ ಗದ್ದಲದ ವೋಲ್ಟೇಜು ಆವೃತ್ತಿಪಟ್ಟಿಯ ಅಗಲದ ವರ್ಗಮೂಲಕ್ಕೆ ಅನುಪಾತವಾಗಿರುವುದರಿಂದ, ಪಟ್ಟಿಯನ್ನು ಹೇಳದೆ ಗದ್ದಲವನ್ನು ಹೇಳುವುದು ವ್ಯರ್ಥ.

ಮೀಟರಿಗೂ ತನ್ನದೇ ಆದ ಗದ್ದಲವುಂಟು. ಅದರ ಒಳದಾರಿಯನ್ನು ಷಾರ್ಟ್ ಮಾಡಿದಾಗ 12 ಮೈಕ್ರೊವೋಲ್ಟ್ ತೋರಿತೆಂದು ಇಟ್ಟುಕೊಳ್ಳೋಣ. ಈಗ ಮಿಕ್ಸರನ್ನು ಜೋಡಿಸಿ, ಫೇಡರುಗಳನ್ನೆಲ್ಲ ಕೆಳಗಿಳಿಸಿದರೆ ಮೀಟರು 13 ತೋರಿತೆನ್ನೋಣ. ವ್ಯತ್ಯಾಸ 1 ಎನ್ನಬಾರದು. ಪರಸ್ಪರ ಸಂಬಂಧವಿಲ್ಲದ ಗದ್ದಲಗಳಲ್ಲಿ ಕೂಡಿಕೊಳ್ಳುವುದು ವೋಲ್ಟೇಜುಗಳಲ್ಲ, ಅವುಗಳ ವರ್ಗಗಳು. 169ರಲ್ಲಿ 144ನ್ನು ಕಳೆದರೆ 25. ಅದರ ವರ್ಗಮೂಲ 5. ಎಂದರೆ ಮಿಕ್ಸರಿನ ಗದ್ದಲ ಕೇವಲ 5 ಮೈಕ್ರೊವೋಲ್ಟ್!

ಇಲ್ಲಿಯೇ ಮೋಸವಿದೆ. ಕೆಲವು ಪರಿವರ್ತಕಗಳು ಸತತವಾಗಿ ಸೊನ್ನೆಗಳೇ ಬರುತ್ತಿರುವುದನ್ನು ಕಂಡು ತಮ್ಮ ಹೊರದಾರಿಯನ್ನು ತಾವೇ ಮುಚ್ಚಿಬಿಡುತ್ತವೆ. ಆಗ ನಾವು ಅಳೆದುದು ಕೆಲಸ ಮಾಡುತ್ತಿರುವ ಪರಿವರ್ತಕವನ್ನಲ್ಲ, ಬಾಗಿಲು ಮುಚ್ಚಿಕೊಂಡು ಸುಮ್ಮನಿರುವ ಪರಿವರ್ತಕವನ್ನು. ಸಂಗೀತ ನಡೆಯುವಾಗ ಆ ಬಾಗಿಲು ತೆರೆದೇ ಇರುತ್ತದೆಯಷ್ಟೆ.

ಇದಕ್ಕೆ ಪರಿಹಾರ ವಿನೋದಕರವಾಗಿದೆ: ನಿಶ್ಶಬ್ದವನ್ನು ಅಳೆಯಬೇಕಾದರೆ ಸಣ್ಣದೊಂದು ಶಬ್ದವನ್ನು ಕೊಡಬೇಕು! ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ಎ.ಇ.ಎಸ್. 17 ಎಂಬ ಮಾನಕದಲ್ಲಿ, ಗರಿಷ್ಠ ಮಟ್ಟಕ್ಕಿಂತ 60 ಡೆಸಿಬೆಲ್ ಕೆಳಗಿರುವ, ಎಂದರೆ ಅದರ ಸಾವಿರದಲ್ಲೊಂದು ಪಾಲಿನಷ್ಟು ವೋಲ್ಟೇಜುಳ್ಳ 997 ಹರ್ಟ್ಸ್ ಸ್ವರವನ್ನು ಕೊಡಲಾಗುತ್ತದೆ. ಮೀಟರಿಗೆ ಮುಂಚೆ ಆ ಒಂದು ಸ್ವರವನ್ನು ಮಾತ್ರ ಫಿಲ್ಟರಿನಿಂದ ತೆಗೆದುಹಾಕುತ್ತಾರೆ, ಉಳಿದದ್ದೇ ಗದ್ದಲ. ದುಂಡಾಗಿ 1000 ಎನ್ನದೆ 997 ಎಂದದ್ದೇಕೆ? ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆಯುವ ಯಂತ್ರದಲ್ಲಿ 1000 ಹರ್ಟ್ಸ್ ಸ್ವರದ ಪ್ರತಿ ಅಲೆಯ ಮೇಲೂ ಅವೇ 48 ಬಿಂದುಗಳು ಮರುಕಳಿಸುತ್ತವೆ. 997 ಅವಿಭಾಜ್ಯ ಸಂಖ್ಯೆ. 48,000ಕ್ಕೂ ಅದಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಆದುದರಿಂದ ಇಡೀ ಒಂದು ಸೆಕೆಂಡು ಕಳೆಯುವವರೆಗೆ ಬಿಂದುಗಳ ಸರಣಿ ಮರುಕಳಿಸುವುದಿಲ್ಲ. ಪರಿವರ್ತಕದ ಪರೀಕ್ಷೆ ಹೆಚ್ಚು ಸಮಗ್ರವಾಗುತ್ತದೆ.

ಹೀಗೆ ಮಾಡಿದಾಗ ಮೀಟರು 33 ತೋರಿತೆನ್ನೋಣ. 1089ರಲ್ಲಿ 144ನ್ನು ಕಳೆದು ವರ್ಗಮೂಲ ತೆಗೆದರೆ ಸುಮಾರು 31 ಮೈಕ್ರೊವೋಲ್ಟ್. ಮೊದಲು ಕಂಡುದಕ್ಕಿಂತ ಆರು ಪಟ್ಟು ಹೆಚ್ಚು. ಮಿಕ್ಸರಿನ ಗರಿಷ್ಠ ವೋಲ್ಟೇಜು 12.3 ಇದ್ದರೆ, ಅದಕ್ಕೂ ಗದ್ದಲಕ್ಕೂ ಇರುವ ನಿಷ್ಪತ್ತಿ ಸುಮಾರು ನಾಲ್ಕು ಲಕ್ಷ. ಇದರ ಲಘುಗಣಕವನ್ನು 20ರಿಂದ ಗುಣಿಸಿದರೆ 112 ಡೆಸಿಬೆಲ್. ಪ್ರತಿ ಬಿಟ್ಟಿಗೆ 6 ಡೆಸಿಬೆಲ್ಲಿನಂತೆ 24 ಬಿಟ್ಟುಗಳಿಗೆ ಸುಮಾರು 144 ಬರಬೇಕಲ್ಲವೆ? ಅದು ಅಂಕಿಗಳ ಮಿತಿ. ಅಂಕಿಗಳು ವಿದ್ಯುತ್ತಾಗುವಾಗ ಬಿಡಿಭಾಗಗಳ ಗದ್ದಲ ಸೇರಿಕೊಳ್ಳುವುದರಿಂದ ಅಷ್ಟು ದೊರೆಯುವುದಿಲ್ಲ.

ಇನ್ನು ಒಳದಾರಿ. ಮೈಕ್ರೊಫೋನಿಗೆ ಬದಲಾಗಿ 150 ಓಮ್ ರೋಧಕವೊಂದನ್ನು ಜೋಡಿಸಿ, ಒಟ್ಟು ವರ್ಧನೆಯನ್ನು 1000 ಪಟ್ಟು ಮಾಡೋಣ. ರೋಧಕಕ್ಕೆ ಬ್ಯಾಟರಿಯಿಲ್ಲದಿದ್ದರೂ ಅದರ ತುದಿಗಳಲ್ಲಿ ಗದ್ದಲವುಂಟು. ಉಷ್ಣದಿಂದ ಅದರ ಎಲೆಕ್ಟ್ರಾನುಗಳು ಎಡೆಬಿಡದೆ ಚಲಿಸುತ್ತಿರುವುದೇ ಇದಕ್ಕೆ ಕಾರಣ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಇದರ ಸೂತ್ರವನ್ನು ಸಾಧಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಬೋಲ್ಟ್ಸ್‌ಮನ್ ಸ್ಥಿರಾಂಕ, ಕೆಲ್ವಿನ್ ಉಷ್ಣತೆ, ರೋಧ, ಆವೃತ್ತಿಪಟ್ಟಿಯ ಅಗಲ ಇವುಗಳ ಗುಣಲಬ್ಧದ ನಾಲ್ಕರಷ್ಟಕ್ಕೆ ವರ್ಗಮೂಲ ತೆಗೆದರೆ ಗದ್ದಲದ ವೋಲ್ಟೇಜು ಬರುತ್ತದೆ. 300 ಕೆಲ್ವಿನ್ ಉಷ್ಣತೆಯಲ್ಲಿ, 150 ಓಮಿಗೆ, 20,000 ಹರ್ಟ್ಸ್ ಪಟ್ಟಿಯಲ್ಲಿ ಇದು 0.223 ಮೈಕ್ರೊವೋಲ್ಟ್. ಸಾವಿರ ಪಟ್ಟು ಹಿಗ್ಗಿದಾಗ 223.

ಮೀಟರಿನ ಗದ್ದಲವನ್ನು ಕಳೆದ ಮೇಲೆ ಹೊರದಾರಿಯಲ್ಲಿ 315 ಮೈಕ್ರೊವೋಲ್ಟ್ ದೊರೆಯಿತೆಂದು ಭಾವಿಸೋಣ. ಅದರ ವರ್ಗದಿಂದ 223ರ ವರ್ಗವನ್ನೂ, ಪರಿವರ್ತಕದ 31ರ ವರ್ಗವನ್ನೂ ಕಳೆದರೆ ಒಳದಾರಿಯ ಪಾಲು ಸುಮಾರು 220 ಎಂದು ತಿಳಿದುಬರುತ್ತದೆ. ಎಂದರೆ ವರ್ಧಕವು ರೋಧಕದಷ್ಟೇ ಗದ್ದಲ ಮಾಡುತ್ತಿದೆ. ಅದನ್ನು ಎಷ್ಟು ಉತ್ತಮಪಡಿಸಿದರೂ ನಮಗೆ ದೊರೆಯುವ ಲಾಭ ಸುಮಾರು 3 ಡೆಸಿಬೆಲ್ ಮಾತ್ರ. ಅದರಾಚೆಗೆ ಅಡ್ಡನಿಂತಿರುವುದು ತಯಾರಕರ ಕೌಶಲವಲ್ಲ, ಉಷ್ಣಶಾಸ್ತ್ರದ ನಿಯಮ. ‘ಇನ್ನೂ ಹೆಚ್ಚು ನಿಶ್ಶಬ್ದ’ ಎಂಬ ಜಾಹೀರಾತನ್ನು ಓದುವಾಗ ಇದನ್ನು ನೆನಪಿಡಬೇಕು.

ಒಂದೇ ಯಂತ್ರ ಒಂದು ವಿಧದಲ್ಲಿ 5, ಇನ್ನೊಂದು ವಿಧದಲ್ಲಿ 31, ಮತ್ತೊಂದು ವಿಧದಲ್ಲಿ 315 ಮೈಕ್ರೊವೋಲ್ಟ್ ಕೊಟ್ಟಿತು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಆದುದರಿಂದ ಪ್ರಯೋಗಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲಿ ಆವೃತ್ತಿಪಟ್ಟಿ, ವರ್ಧನೆ, ಒಳದಾರಿಗೆ ಜೋಡಿಸಿದ ರೋಧ, ಕೊಟ್ಟ ಸ್ವರ ಇವಿಷ್ಟನ್ನೂ ವಿದ್ಯಾರ್ಥಿಗಳು ಬರೆದಿಡುವ ಅಭ್ಯಾಸ ಮಾಡಿಕೊಳ್ಳಬೇಕು. ಯಾವ ಪ್ರಶ್ನೆಗೆ ಉತ್ತರವೆಂದು ಹೇಳದ ಅಂಕಿಯನ್ನು ಅಳತೆಯೆನ್ನಲಾಗದು.